ಅಮ್ಮನ ಉತ್ತರ ಬಿ, ಪುಸ್ತಕದ ಉತ್ತರ ಸಿ

ನಾಲ್ಕು ಉತ್ತರ ಕೊಟ್ಟು ಸರಿಯಾದದ್ದನ್ನು ಆರಿಸು ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬ್ಯಾಂಕಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಆ ಹೆಣ್ಣುದನಿಗೂ ನಾನು ಬೈದದ್ದುಂಟು. ಮೂಗಿನ ತುದಿಯಲ್ಲೇ ಕೋಪ ಇವಳಿಗೆ ಎಂದು ನನ್ನ ಗಂಡ ನಗುತ್ತಾನೆ. ಅವನಿಗೆ ನಾನು ಹೇಳದೆ ಉಳಿಸಿಕೊಂಡದ್ದು ಇಷ್ಟು: ನನ್ನ ಹನ್ನೊಂದು, ಹನ್ನೆರಡನೆಯ ವಯಸ್ಸಿನಲ್ಲಿ ನಮ್ಮ ಮನೆಯ ಊಟ, ತಿಂಡಿ, ಪೂಜೆ, ಜಗಳ ಎಲ್ಲವೂ ಎ, ಬಿ, ಸಿ, ಡಿ ಎಂಬ ನಾಲ್ಕು ಅಕ್ಷರಗಳ ಸಂದಿಯಲ್ಲೇ ನಡೆದವು. ಆಗ ನಾವಿದ್ದದ್ದು ಟೋಕಿಯೋದ ಎಡೋಗಾವಾದಲ್ಲಿ, ರೈಲು ಹೋದಾಗಲೆಲ್ಲ ಕಿಟಕಿಯ ಗಾಜು ಗುಂಯ್ ಎನ್ನುವ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಎಲ್ಲ ರಗಳೆಯೂ ಶುರುವಾದದ್ದು ಆ ಮೇಜಿನಿಂದ.

ಮನೆ ಎಂದರೆ ಚಾಪೆ ಹಾಸಿದ ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಅಡುಗೆಮನೆ, ವಾಷಿಂಗ್ ಮೆಷಿನ್ ಇಟ್ಟ ಬಾಲ್ಕನಿ. ಹಾಸಿಗೆ ಮಡಚಿಡಲು ಗೋಡೆಯೊಳಗೆ ಒಂದು ದೊಡ್ಡ ಕಪಾಟು. ಅದರ ಕೆಳಗಿನ ಅರೆಯಲ್ಲಿ ನಮ್ಮ ಹಾಸಿಗೆಗಳು, ಮೇಲಿನ ಅರೆಯಲ್ಲಿ ದೇವರು. ಬೆಳಿಗ್ಗೆ ಅಮ್ಮ ಕಪಾಟಿನ ಬಾಗಿಲು ಸರಿಸಿ ಪೂಜೆ ಮಾಡಿ, ಊದುಬತ್ತಿಯ ಹೊಗೆ ಪಕ್ಕದ ಮನೆಯವರಿಗೆ ಹೋಗಬಾರದೆಂದು ಮತ್ತೆ ಬಾಗಿಲು ಮುಚ್ಚುತ್ತಿದ್ದಳು. ಹೀಗಾಗಿ ನನ್ನ ಹೊದಿಕೆ, ನನ್ನ ತಲೆದಿಂಬು, ಕೊನೆಗೆ ನನ್ನ ಶಾಲೆಯ ಟೋಪಿ ಕೂಡ ಗಂಧದ ವಾಸನೆ ಹೊಡೆಯುತ್ತಿತ್ತು. ಜಪಾನಿ ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಳ್ಳದೆ, ಬಹಳ ಮರ್ಯಾದೆಯಿಂದ, ತನ್ನ ಕುರ್ಚಿಯನ್ನು ಎರಡು ಇಂಚು ದೂರ ಎಳೆದುಕೊಳ್ಳುತ್ತಿದ್ದಳು. ಮೇಜೋ, ಕಾಲು ಮಡಚುವಂಥ ಗಿಡ್ಡ ಮೇಜು. ಒಂದು ಕಾಲು ಅಲುಗಾಡುತ್ತಿದ್ದುದರಿಂದ ಅದರಡಿ ಮಡಚಿದ ರಟ್ಟು. ಅದರ ಮೇಲೇ ತರಕಾರಿ ಹೆಚ್ಚಬೇಕು, ಊಟ ಮಾಡಬೇಕು, ನಾನು ದಿನಕ್ಕೆ ಇಪ್ಪತ್ತು ಜಪಾನಿ ಅಕ್ಷರ ತೀಡಬೇಕು.

ಅಪ್ಪ ಕಂಪನಿಯ ಕೆಲಸದ ಮೇಲೆ ಬಂದವರು. ಹಳೆಯ ಕಂಪ್ಯೂಟರುಗಳಲ್ಲಿ ಎರಡೇ ಅಂಕಿಯಲ್ಲಿದ್ದ ಇಸವಿಯನ್ನು ನಾಲ್ಕು ಅಂಕಿಗೆ ತಿದ್ದುವುದು ಅವರ ಕೆಲಸ. ಎರಡು ಸಾವಿರ ಬರುವುದರೊಳಗೆ ಇದು ಮುಗಿಯದಿದ್ದರೆ ಲೋಕವೇ ನಿಂತುಹೋಗುತ್ತದೆ ಎಂದು ದೊಡ್ಡವರೆಲ್ಲ ನಂಬಿದ್ದ ಕಾಲ ಅದು. ಲೋಕ ಉಳಿಸುವ ಗಡಿಬಿಡಿಯಲ್ಲಿದ್ದ ಅಪ್ಪನಿಗೆ ಮನೆಯಲ್ಲಿ ಮಾತಾಡಲು ಪುರುಸೊತ್ತಿರಲಿಲ್ಲ. ಒಂದು ದಿನ ಕೇಳಿಯೇ ಬಿಟ್ಟೆ.

"ಅಪ್ಪ, ನಂಗೊಂದು ಡೆಸ್ಕ್ ಬೇಕು. ಕ್ಲಾಸಲ್ಲಿ ಎಲ್ಲಾರ್ ಮನೇಲೂ ಇದೆ."

"ನೋಡೋಣ."

ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದು ಅರ್ಥ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಡಿಸ್ನಿಲ್ಯಾಂಡಿಗೆ ನೋಡೋಣ, ಬೆಕ್ಕಿನ ಮರಿಗೆ ನೋಡೋಣ, ಯುಗಾದಿಗೆ ಮೈಸೂರಿಗೆ ಹೋಗುವುದಕ್ಕೆ ನೋಡೋಣ. ಹೀಗೆ ಕೇಳಿ ಕೇಳಿ ಕಲಿತದ್ದು. ಡೆಸ್ಕಿನ ಕತೆ ಅಲ್ಲಿಗೆ ಮುಗಿಯಿತು.

ಅಮ್ಮ ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದವಳು. ಅರವತ್ತು ಹುಡುಗಿಯರ ಕ್ಲಾಸನ್ನು ಬರೀ ದನಿಯಿಂದ ಕೂರಿಸುತ್ತಿದ್ದವಳು. ಎಡೋಗಾವಾಕ್ಕೆ ಬಂದ ಮೇಲೆ ಅವಳ ವೀಸಾದ ಮೇಲೆ ಡಿಪೆಂಡೆಂಟ್ ಎಂದು ಅಚ್ಚಾಯಿತು. ಆ ಮಾತನ್ನು ಅವಳು ಒಂದೇ ಒಂದು ಸಲ, ವಿಮಾನ ನಿಲ್ದಾಣದಲ್ಲಿ, ಗಟ್ಟಿಯಾಗಿ ಓದಿದಳು. ಆಮೇಲೆ ಪಾಸ್‌ಪೋರ್ಟನ್ನು ದೇವರ ಪೆಟ್ಟಿಗೆಯ ಕೆಳಗೆ ಇಟ್ಟುಬಿಟ್ಟಳು. ವಾಪಸ್ಸು ಹೋಗುವವರಿಗೆ ಹೊಸ ಭಾಷೆ ಯಾಕೆ ಎಂದು ಜಪಾನಿ ಕಲಿಯಲೂ ಇಲ್ಲ. ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳಲು ಹೋದರೆ ಕೌಂಟರಿನ ಹುಡುಗನಿಗೆ ಕ್ಲಾಸಿನ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹೇಳುತ್ತಿದ್ದಳು. ಅವನು ನನ್ನ ಮುಖ ನೋಡುತ್ತಿದ್ದ. ನಾನು ಸುಮಿಮಾಸೆನ್ ಎಂದು ಅವನ ಕ್ಷಮೆ ಕೇಳಿ ಎರಡೇ ಮಾತಿನಲ್ಲಿ ಹಾಲು ಕೇಳುತ್ತಿದ್ದೆ. ಅಮ್ಮನಿಗಾಗಿ ಊರಿನವರ ಕ್ಷಮೆ ಕೇಳುವುದು ನನಗೆ ಅಭ್ಯಾಸವಾಗಿಹೋಗಿತ್ತು.

ಎರಡನೆಯ ಮಹಡಿಯಲ್ಲಿ ಚೆನ್ ಸಾನ್, ಅಂದರೆ ಚೆನ್ ಅವರು, ಇದ್ದರು. ಚೀನಾದವರು, ಅಪ್ಪನ ಟೀಮ್ ಲೀಡ್, ಜಪಾನಿನಲ್ಲಿ ಬಹಳ ವರ್ಷ ಕಳೆದು ಜಪಾನಿಗರಿಗಿಂತ ಹೆಚ್ಚು ಬಾಗುವುದನ್ನು ಕಲಿತಿದ್ದವರು. ಅವರ ಮಗಳು ಯುನ್‌ಗೆ ಹದಿನಾರು ವರ್ಷ. ಮುಂದಿನ ವರ್ಷ ಅವಳನ್ನು ಚೀನಾದಲ್ಲಿ ಅಜ್ಜಿಯ ಮನೆಗೆ ಕಳಿಸಿ ಅಲ್ಲಿನ ಹೈಸ್ಕೂಲಿಗೆ ಸೇರಿಸಿ, ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಜಪಾನಿ ಶಾಲೆಯಲ್ಲಿ ಮೂರು ವರ್ಷ ಕಳೆದ ಹುಡುಗಿಗೆ ಇಂಗ್ಲಿಷೇ ಕಂಟಕ. ಅದರಲ್ಲೂ ಪ್ಯಾಸೇಜು ಓದಿ ಉತ್ತರ ಆರಿಸುವ ಭಾಗ. ಒಂದು ಭಾನುವಾರ ಚೆನ್ ಸಾನ್ ಮಗಳನ್ನು ಕರೆದುಕೊಂಡು ಮೇಲೆ ಬಂದು, ಬಾಗಿಲಲ್ಲೇ ಸೊಂಟ ಮುರಿಯುವಷ್ಟು ಬಾಗಿದರು.

"ಸೆನ್ಸೆಯ್, ಯೂ ಆರ್ ಪ್ರೊಫೆಸರ್. ಪ್ಲೀಸ್ ಟೀಚ್ ಮೈ ಡಾಟರ್ ರೀಡಿಂಗ್."

ಅಮ್ಮ ಕೈಯಲ್ಲಿದ್ದ ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಸೆನ್ಸೆಯ್ ಎಂದರೆ ಗುರುಗಳೇ ಎಂದು; ಅದರ ಮೇಲೆ ಪ್ರೊಫೆಸರ್ ಎಂದೂ ಕರೆಸಿಕೊಂಡ ಅವಳ ಮುಖ ನೋಡಿದಾಗ ನನಗೆ ಮೊದಲು ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಪುಸ್ತಕಗಳು ಚೀನಾದಿಂದ ಬಂದವು: ಬೂದುಬಣ್ಣದ ತೆಳು ಕಾಗದ, ಒಂದೊಂದು ಪುಟಕ್ಕೆ ಒಂದು ಪ್ಯಾಸೇಜು, ಅದರ ಕೆಳಗೆ ನಾಲ್ಕು ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಪುಸ್ತಕದ ಹಿಂಭಾಗದಲ್ಲಿ ಸರಿಯುತ್ತರಗಳ ಹಾಳೆ ಇರಬೇಕಿತ್ತಲ್ಲ, ಅದನ್ನು ಚೆನ್ ಸಾನ್ ನೀಟಾಗಿ ಬ್ಲೇಡಿನಲ್ಲಿ ಕತ್ತರಿಸಿ ತಾವೇ ಇಟ್ಟುಕೊಂಡಿದ್ದರು. ಕೀ ಇಸ್ ವಿತ್ ಮಿ, ಸಂಡೆ ಐ ಚೆಕ್ ಎಂದರು. ಮಗಳು ಕದ್ದು ನೋಡಬಾರದೆಂದು ಮಾಡಿದ್ದಿರಬಹುದು. ಆದರೆ ಟೀಚರಿಗೂ ಕೀ ಕೊಡದ ಅಪ್ಪನನ್ನು ಅಮ್ಮ ಅದೇ ಮೊದಲು ಕಂಡದ್ದು. ಅವಳು ನಕ್ಕು, ನನಗೆ ಕೀ ಬೇಕಿಲ್ಲ ಎಂದಳು.

ಅವತ್ತಿನಿಂದ ಸಂಜೆ ನಾಲ್ಕಕ್ಕೆ ಮೇಜು ನನ್ನ ಕೈತಪ್ಪಿತು. ನನ್ನ ಅಕ್ಷರದ ಪುಸ್ತಕ ಇಸ್ತ್ರಿ ಹಲಗೆಯ ಮೇಲೆ ಹೋಯಿತು. ಇಸ್ತ್ರಿ ಹಲಗೆಯ ಮೇಲೆ ಪೆನ್ಸಿಲು ಒತ್ತಿ ಬರೆದವರಿಗೇ ಗೊತ್ತು, ಕಾಗದ ತೂತಾಗುತ್ತದೆ. ತೂತು ಬಿದ್ದ ಹೋಂವರ್ಕಿಗೆ ಶಾಲೆಯಲ್ಲಿ ಬೈಸಿಕೊಂಡು ಬಂದು ನಾನು ಅಮ್ಮನಿಗೆ ತೋರಿಸಿದರೆ ಅವಳು ಯುನ್‌ನ ಪೆನ್ಸಿಲು ಚೂಪು ಮಾಡುತ್ತಾ ಕೂತಿರುತ್ತಿದ್ದಳು. ಸಾಲದ್ದಕ್ಕೆ ದಿನಕ್ಕೊಂದು ಪ್ಯಾಸೇಜಿಗೆ ನಾನೂ ಕೂರಬೇಕೆಂದು ಆಜ್ಞೆಯಾಯಿತು.

"ಬಾ, ಕೂತ್ಕೋ. ಮೈಸೂರಿಗ್ ಹೋದ್ಮೇಲೆ ಈ ಇಂಗ್ಲಿಷಿಗೆ ಯಾವ್ ಸ್ಕೂಲ್ನೋರು ಸೇರಿಸ್ಕೋತಾರೆ ನಿನ್ನ? ಅಕ್ಷರ ಓದ್ತೀಯ, ಅರ್ಥ ಹೋಗಲ್ಲ ತಲೆಗೆ."

ಉತ್ತರವನ್ನು ನಾನು ಜಪಾನಿಯಲ್ಲಿ ಗೊಣಗುತ್ತಿದ್ದೆ. ಅಮ್ಮನಿಗೆ ಅರ್ಥವಾಗದ ಭಾಷೆಯಲ್ಲಿ ಎದುರಾಡುವುದೊಂದೇ ಆಗ ನನಗಿದ್ದ ಸುಖ. ಯುನ್‌ಗೆ ಅರ್ಥವಾಗುತ್ತಿತ್ತು. ಅವಳು ನಗು ತಡೆಯಲು ತಲೆ ತಗ್ಗಿಸುತ್ತಿದ್ದಳು. ನಮ್ಮಿಬ್ಬರದೂ ಹೀಗೆ ಜಪಾನಿಯಲ್ಲಿ, ಅಮ್ಮನ ಮೂಗಿನ ಕೆಳಗೆ, ಒಂದು ಕಳ್ಳ ಸ್ನೇಹ.

ಐದಕ್ಕೆ ತಿಂಡಿ. ಒಣಗಿದ ಕರಿಬೇವು ಹಾಕಿ ಅಮ್ಮ ಅವಲಕ್ಕಿಗೆ ಒಗ್ಗರಣೆ ಕೊಟ್ಟರೆ ಯುನ್ ಕಣ್ಣು ಮುಚ್ಚಿ ವಾಸನೆ ಕುಡಿಯುತ್ತಿದ್ದಳು, ನಾನು ಬಾಲ್ಕನಿಯ ಬಾಗಿಲು ತೆಗೆಯುತ್ತಿದ್ದೆ. ಬದಲಿಗೆ ಯುನ್‌ನ ತಾಯಿ ಆವಿಯಲ್ಲಿ ಬೆಂದ ಬಿಳಿಯ ಬನ್ನು ಕಳಿಸಿದರು. ಒಳಗೇನಿದೆಯೋ ಎಂದು ಅಮ್ಮ ಒಂದು ಹಾಳೆಯಲ್ಲಿ ಹಂದಿ, ಹಸು, ಕೋಳಿ, ಮೀನಿನ ಚಿತ್ರ ಬರೆದು ಎಲ್ಲಕ್ಕೂ ಅಡ್ಡಗೆರೆ ಎಳೆದು ಕೆಳಗೆ ಕಳಿಸಿದಳು. ಮಾರನೆಯ ದಿನ ಅದೇ ಹಾಳೆ ಮೇಲೆ ಬಂತು, ಮೂಲೆಯಲ್ಲಿ ಒಂದು ಎಲೆಕೋಸಿನ ಚಿತ್ರದ ಜೊತೆ. ಒಬ್ಬರ ಭಾಷೆಯ ಒಂದು ಮಾತೂ ಇನ್ನೊಬ್ಬರಿಗೆ ಬರದ ಆ ಇಬ್ಬರು ಹೆಂಗಸರು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡರು. ಒಂದೇ ಭಾಷೆಯ ನಾವಿಬ್ಬರು ಆ ಎರಡು ವರ್ಷದಲ್ಲಿ ಅಷ್ಟನ್ನು ಮಾಡಲಿಲ್ಲ.

ಮೊದಲ ದಿನವೇ ಯುನ್ ಹೊರಡುವಾಗ ಬಾಗಿಲಲ್ಲಿ ನಿಂತು ಆಂಟಿ, ಐ ಗೋ ಎಂದಳು. ಅಮ್ಮ ಬೆಚ್ಚಿಬಿದ್ದಳು. ನಮ್ಮ ಮನೆಯಲ್ಲಿ ಹೊಸ್ತಿಲ ಹತ್ತಿರ ಹೋಗ್ತೀನಿ ಎಂಬ ಮಾತು ನಿಷಿದ್ಧ. ಮೂಲೆಯಂಗಡಿಗೆ ಹೋಗುವುದಾದರೂ ಬರ್ತೀನಿ ಎಂದೇ ಹೊರಡಬೇಕು. ಹೋಗ್ತೀನಿ ಎಂದವರು ಮತ್ತೆ ಬಾರದೆ ಹೋದರೆ ಎಂಬ ಭಯ ಅದು. ಅಮ್ಮ ಯುನ್‌ನ ಭುಜ ಹಿಡಿದು ಮತ್ತೆ ಒಳಗೆ ಕರೆದು ಹೇಳಿಕೊಟ್ಟಳು.

"ನೋ, ನೋ. ಸೇ, ಆಂಟಿ, ಐ ವಿಲ್ ಕಮ್."

"ಅಮ್ಮ, ಹೊರಗ್ ಹೋಗೋವಾಗ ಹಾಗನ್ನೋದು ತಪ್ಪು ಇಂಗ್ಲಿಷು," ಎಂದೆ ನಾನು.

"ಗೊತ್ತು ಕಣೆ. ಹೊಸ್ತಿಲ ಮೇಲೆ ಗ್ರಾಮರ್ ಬೇಡ."

ಅಂದಿನಿಂದ ದಿನವೂ ಯುನ್ ಐ ವಿಲ್ ಕಮ್ ಎಂದು ಹೇಳಿಯೇ ಮೆಟ್ಟಿಲಿಳಿದಳು. ಅಮ್ಮನ ಮುಖ ಆ ಗಳಿಗೆಯಲ್ಲಿ ಎಷ್ಟು ಅರಳುತ್ತಿತ್ತೆಂದರೆ ನನಗೆ ಇಸ್ತ್ರಿ ಹಲಗೆಯನ್ನು ಬಾಲ್ಕನಿಯಿಂದ ಎಸೆಯಬೇಕು ಎನಿಸುತ್ತಿತ್ತು. ನಾನು ಬೆಳಿಗ್ಗೆ ಶಾಲೆಗೆ ಹೊರಡುವಾಗ ಜಪಾನಿ ಮಕ್ಕಳಂತೆ ಇತ್ತೆಕಿಮಾಸ್ ಎಂದು ಕೂಗಿ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಅದಕ್ಕೆ ಹೋಗಿ ಬರುತ್ತೇನೆ ಎಂದೇ ಅರ್ಥ. ಅಮ್ಮನಿಗೆ ಅದು ತಿಳಿಯದು, ನಾನೂ ಹೇಳಲಿಲ್ಲ. ಒಳಗಿನಿಂದ ಅವಳು ಹೋಗ್ ಬಾ ಎನ್ನುತ್ತಿದ್ದಳು, ನಾನು ಅದನ್ನು ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ಅಮ್ಮ ಪ್ಯಾಸೇಜನ್ನು ನಿಂತುಕೊಂಡೇ ಓದುತ್ತಿದ್ದಳು, ಅರವತ್ತು ಜನಕ್ಕೆ ಕೇಳಿಸುವ ದನಿಯಲ್ಲಿ. ಓದಿ, ಕನ್ನಡಕ ತಲೆಯ ಮೇಲೇರಿಸಿ, ಬರೆದಿರೋದನ್ನು ಯಾರು ಬೇಕಾದರೂ ಓದುತ್ತಾರೆ, ಬರೆಯದೆ ಬಿಟ್ಟಿರುವುದು ಏನು, ಅದನ್ನು ಹೇಳು ಎನ್ನುತ್ತಿದ್ದಳು. ಟಾಮ್ ಎಂಬ ಹುಡುಗ ರಸ್ತೆಯಲ್ಲಿ ಸಿಕ್ಕ ಚೀಲವನ್ನು ಹಿಂದಿರುಗಿಸಿದ ಎಂದಿದ್ದರೆ, ಟಾಮ್‌ನ ಅಮ್ಮನ ಮಾತು ಎರಡು ಸಲ ಬಂದಿದೆ, ಅಪ್ಪನ ಸುದ್ದಿಯೇ ಇಲ್ಲ ನೋಡು, ಪಾಪ, ಅಪ್ಪ ಇಲ್ಲದ ಮಗು ಅದು ಎಂದು ಮರುಗುತ್ತಿದ್ದಳು. ಯುನ್ ಅದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡು ಟಾಮ್‌ಗೆ ಅಪ್ಪ ಇಲ್ಲದಂಥ ಉತ್ತರವನ್ನೇ ಆರಿಸುತ್ತಿದ್ದಳು. ಭಾನುವಾರ ಚೆನ್ ಸಾನ್ ತಮ್ಮ ಕೀ ತೆಗೆದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು. ಸೋಮವಾರ ಪುಸ್ತಕ ಮೇಲೆ ಬಂದಾಗ ಅಮ್ಮ ಆ ಕೆಂಪಿನ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಕೀ ಇಸ್ ರಾಂಗ್, ಸೀ ಲೈನ್ ಸಿಕ್ಸ್ ಎಂದು ಬರೆಯುತ್ತಿದ್ದಳು. ವಾರದಿಂದ ವಾರಕ್ಕೆ ಕೆಂಪೂ ಹೆಚ್ಚಿತು, ಹಸಿರೂ ಹೆಚ್ಚಿತು.

ಎಲ್ಲ ಕೆಟ್ಟದ್ದು ಮೇರಿಯ ಪ್ಯಾಸೇಜಿನಿಂದ. ಮೇರಿ ಎಂಬ ಹುಡುಗಿ ಬೇಸಿಗೆ ರಜೆಯನ್ನು ಅಜ್ಜಿಯ ಮನೆಯಲ್ಲಿ ಕಳೆದಿದ್ದಾಳೆ. ಈಗ ಪಟ್ಟಣದ ಶಾಲೆಗೆ ಹೊರಟಿದ್ದಾಳೆ. ಅಜ್ಜಿ ಬೇಯಿಸಿದ ಮೊಟ್ಟೆ ಕಟ್ಟಿಕೊಡುತ್ತಾಳೆ. ಬಾಗಿಲಲ್ಲಿ ಮೇರಿ ಐ ಆಮ್ ಗೋಯಿಂಗ್ ಎನ್ನುತ್ತಾಳೆ. ಅಜ್ಜಿ ಏನೂ ಹೇಳದೆ, ಅವಳು ಕಾಣದಾಗುವವರೆಗೆ ನಿಂತಿರುತ್ತಾಳೆ. ಪ್ರಶ್ನೆ: ಮೇರಿಯ ಬಗ್ಗೆ ಏನು ತಿಳಿಯುತ್ತದೆ? ಎ, ಮೇರಿಗೆ ಅಜ್ಜಿಯನ್ನು ಕಂಡರೆ ಭಯ. ಬಿ, ಮೇರಿಗೆ ಹಿಂದಿರುಗಿ ಬರುವ ಮನಸ್ಸಿಲ್ಲ. ಸಿ, ಮೇರಿ ಪಟ್ಟಣದ ಶಾಲೆಗೆ ಹೋಗುತ್ತಿದ್ದಾಳೆ. ಡಿ, ಮೇರಿಗೆ ಮೊಟ್ಟೆ ಇಷ್ಟ. ಕೀ ಪ್ರಕಾರ ಸಿ. ಅಮ್ಮ ಹೇಳಿದ್ದು ಬಿ. ಸೋಮವಾರ ಕೆಂಪು ಗೆರೆ ಕಂಡಾಗ ಅವಳು ಅವಲಕ್ಕಿಯನ್ನು ಒಲೆಯ ಮೇಲೆ ಬಿಟ್ಟು ಬಂದಳು, ಅದು ತಳ ಹಿಡಿಯಿತು. ಮನೆ ಮಗು ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಎಂದರೆ ಅದರ ಅರ್ಥ ಇನ್ನೇನು? ಅಜ್ಜಿಯ ಬಾಯಿ ಯಾಕೆ ಕಟ್ಟಿಹೋಯಿತು? ಶಾಲೆಗೆ ಹೋಗುತ್ತಿದ್ದಾಳೆ ಎಂದು ಎರಡನೆಯ ಸಾಲಿನಲ್ಲೇ ಬರೆದಿದೆಯಲ್ಲ, ಅದನ್ನು ಕೇಳಲು ಪರೀಕ್ಷೆ ಯಾಕೆ ಬೇಕು? ಅವಳ ಹಸಿರು ಟಿಪ್ಪಣಿ ಆ ಸಲ ಪುಟದ ಅಂಚು ದಾಟಿ ಹಿಂದಿನ ಪುಟಕ್ಕೂ ಹೋಯಿತು.

ಸಂಜೆ ಮನೆಗೆ ಬಂದ ಅಪ್ಪ ಅದನ್ನು ಓದಿ ಟೈ ಬಿಚ್ಚುವುದನ್ನೇ ಮರೆತರು.

"ಕೀ ತಪ್ಪು ಅಂತ ಬರೀಬೇಡ ಕಣೆ. ಆ ಮನುಷ್ಯ ನನ್ನ ಟೀಮ್ ಲೀಡು."

"ಟೀಮ್ ಲೀಡ್ ಆದ್ರೆ ಮೇರಿ ಮನಸ್ಸು ಗೊತ್ತಾಗ್ಬಿಡುತ್ತೇನ್ರೀ?"

"ಮೇರಿ ಹಾಳಾಗ್ ಹೋಗ್ಲಿ. ಹುಡುಗಿ ಎಕ್ಸಾಮ್ ಪಾಸಾಗ್ಬೇಕು ತಾನೆ."

"ಇಪ್ಪತ್ ವರ್ಷ ಪಾಠ ಮಾಡಿದೀನಿ ನಾನು. ಅರ್ಥ ಆಗ್ದಿದ್ರೂ ಪಾಸಾಗೋದು ಹೇಗೆ ಅಂತ ಒಂದಿನಾನೂ ಹೇಳ್ಕೊಟ್ಟಿಲ್ಲ."

ಆ ವಾರ ಮೆಟ್ಟಿಲಿನಲ್ಲಿ ಯುನ್ ನನ್ನನ್ನು ನಿಲ್ಲಿಸಿದಳು. ಜಪಾನಿಯಲ್ಲಿ, ಮೆಲ್ಲಗೆ, ನಿಮ್ಮಮ್ಮ ಹೇಳುವುದನ್ನು ಕೇಳುತ್ತಿದ್ದರೆ ಕೇಳುತ್ತಲೇ ಇರಬೇಕು ಅನಿಸುತ್ತದೆ, ಆದರೆ ಉತ್ತರವೆಲ್ಲ ತಪ್ಪಾಗುತ್ತದೆ, ನಮ್ಮಪ್ಪ ಊಟದ ಹೊತ್ತಿನಲ್ಲಿ ಮಾತೇ ಆಡುವುದಿಲ್ಲ, ನಾನೇನು ಮಾಡಲಿ ಎಂದಳು. ನನಗೆ ಆ ಪುಸ್ತಕದ ಗುಟ್ಟು ಆಗಲೇ ತಿಳಿದಿತ್ತು. ಅರ್ಥ ತಲೆಗೆ ಹೋಗದವಳಿಗೇ ಅಂಥ ಗುಟ್ಟು ಬೇಗ ತಿಳಿಯುವುದು. ಪ್ಯಾಸೇಜಿನಲ್ಲಿರುವ ಪದ ಯಾವ ಉತ್ತರದಲ್ಲಿದೆಯೋ ಅದನ್ನು ಗುರುತು ಮಾಡು, ಅಮ್ಮನಿಗೆ ತಲೆಯಾಡಿಸು, ಮನೆಗೆ ಹೋಗಿ ತಿದ್ದಿಕೋ ಎಂದೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಕೈಯಲ್ಲಿ ತೂತು ಬಿದ್ದ ಹೋಂವರ್ಕು ಇತ್ತು, ನಿಲ್ಲಿಸಲಿಲ್ಲ. ಇನ್ನೊಂದು ವಿಷಯ, ಹೊರಡುವಾಗ ಐ ವಿಲ್ ಕಮ್ ಅನ್ನಬೇಡ, ಅದು ಇಂಗ್ಲಿಷೇ ಅಲ್ಲ, ಐ ಆಮ್ ಗೋಯಿಂಗ್ ಅನ್ನು ಎಂದೆ. ಆಂಟಿಗೆ ಬೇಜಾರಾಗುವುದಿಲ್ಲವಾ ಎಂದು ಅವಳು ಕೇಳಿದಳು. ಚೀನಾದಲ್ಲಿ ನಿನ್ನ ಪರೀಕ್ಷೆ ಬರೆಯುವುದು ಆಂಟಿಯಲ್ಲ ಎಂದೆ. ಮರುದಿನದಿಂದ ಅವಳು ಬಾಗಿಲಲ್ಲಿ ಏನೂ ಹೇಳದೆ ಬಾಗಿ ಹೋಗತೊಡಗಿದಳು. ಅಮ್ಮ ಮೊದಲ ದಿನ ಅವಳ ಹಿಂದೆ ಎರಡು ಮೆಟ್ಟಿಲು ಇಳಿದು, ಆಮೇಲೆ ಏನನ್ನೋ ಯೋಚಿಸಿ ಹಿಂದಿರುಗಿದಳು.

ಮುಂದಿನ ಭಾನುವಾರ ಒಂದೂ ಕೆಂಪು ಗೆರೆ ಇರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅಮ್ಮ ಕೇಸರಿಬಾತ್ ಮಾಡಿದಳು. ಇತ್ತ ಚೆನ್ ಸಾನ್ ಮಗಳನ್ನು ಕೂರಿಸಿಕೊಂಡು ಇದು ಹೇಗಾಯಿತೆಂದು ಕೇಳಿದ್ದಾರೆ. ಸುಳ್ಳು ಹೇಳಲು ಬಾರದ ಹುಡುಗಿ ಎಲ್ಲವನ್ನೂ ಹೇಳಿಬಿಟ್ಟಿದ್ದಾಳೆ. ಶನಿವಾರ ಚೆನ್ ಸಾನ್ ಸಿಹಿಯ ಡಬ್ಬಿ ಹಿಡಿದು ಬಂದರು. ಒಳಗೆ ಬನ್ನಿ ಎಂದರೂ ಬಾರದೆ ಬಾಗಿಲಲ್ಲೇ ನಿಂತರು.

"ಸೆನ್ಸೆಯ್, ಥ್ಯಾಂಕ್ ಯೂ ವೆರಿ ಮಚ್. ಯೂ ಆರ್ ವೆರಿ ಟಯರ್ಡ್. ಶಿಬಾರಕು, ಪ್ಲೀಸ್ ಟೇಕ್ ರೆಸ್ಟ್."

ಆಮೇಲೆ ನನ್ನನ್ನು ನೋಡಿ, ಯುವರ್ ಡಾಟರ್ ಇಸ್ ವೆರಿ ಕ್ಲೆವರ್ ಎಂದರು. ಅಮ್ಮನ ಮುಖದಲ್ಲಿ ಎಂಥ ಬೆಳಕು. ಅಷ್ಟು ಹೊತ್ತು ನನ್ನ ತಲೆ ಸವರುತ್ತಾ ನಿಂತಿದ್ದಳು, ನನಗೆ ಆ ಕೈ ಸುಡುತ್ತಿತ್ತು.

ಶಿಬಾರಕು ಎಂದರೆ ಕೆಲಕಾಲ, ಸ್ವಲ್ಪ ದಿನ. ನಿಘಂಟಿನಲ್ಲಿ ಹಾಗೇ ಇದೆ. ಆದರೆ ಸ್ಟೇಷನ್ನಿನ ದಾರಿಯಲ್ಲಿ ಸೋಯಾ ಹಾಲಿನ ಮೆತ್ತನೆಯ ಗಿಣ್ಣು ಮಾರುವ ಒಂದು ತೋಫು ಅಂಗಡಿಯಿತ್ತು. ಅದರ ಮುಚ್ಚಿದ ಬಾಗಿಲಿಗೆ ಶಿಬಾರಕು ರಜೆ ಎಂದು ಬರೆದ ಹಾಳೆ ಅಂಟಿಸಿದ್ದರು. ನಾವು ಆ ಊರಿಗೆ ಬಂದ ದಿನ ಅಂಟಿಸಿದ್ದ ಹಾಳೆ ಬಿಸಿಲಿಗೆ ಹಳದಿಯಾಗಿ, ಮಳೆಗೆ ಸುಕ್ಕಾಗಿ, ಹಾಗೇ ಇತ್ತು. ಇನ್ನು ಬರಬೇಡಿ ಎನ್ನುವುದನ್ನು ಆ ಊರಿನಲ್ಲಿ ಹಾಗೆ ಹೇಳುತ್ತಾರೆಂದು ನನಗೆ ದಿನವೂ ಆ ದಾರಿಯಲ್ಲಿ ಶಾಲೆಗೆ ಹೋಗಿ ತಿಳಿದಿತ್ತು. ಈಗ ನಾನು ಜಪಾನಿ ಕಾಗದಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸಿ ಜೀವನ ನಡೆಸುವವಳು. ಈ ಒಂದು ಮಾತು ಬಂದಾಗಲೆಲ್ಲ, ಇದಕ್ಕೆ ಇಲ್ಲ ಎಂದೇ ಅರ್ಥ, ಕಾಯಬೇಡಿ ಎಂದು ಕಂಪನಿಯವರಿಗೆ ಫೋನು ಮಾಡಿ ಹೇಳುತ್ತೇನೆ. ಅದಕ್ಕಾಗಿ ಅವರು ನನ್ನನ್ನು ಮೆಚ್ಚುತ್ತಾರೆ. ಅವತ್ತು, ಹೇಳಬೇಕಾದವಳಿಗೆ ನಾನು ಹೇಳಲಿಲ್ಲ. ತೋಫುವಿನ ಹಾಗೆ ಮೆತ್ತಗೆ ನಿಂತಿದ್ದೆ.

ಬರೆಯದ್ದನ್ನೆಲ್ಲ ಓದುತ್ತಿದ್ದ ಅಮ್ಮ ಚೆನ್ ಸಾನ್ ಮಾತನ್ನು ಮಾತ್ರ ಬರೆದಂತೆಯೇ ಓದಿದಳು. ಒಂದು ವಾರ ರಜೆ ಎಂದು ಲೆಕ್ಕ ಹಾಕಿದಳು. ಆ ವಾರವೆಲ್ಲ ನಮ್ಮ ಮನೆಯಲ್ಲೇ ಉಳಿದಿದ್ದ ಮುಂದಿನ ಪುಸ್ತಕದ ಪ್ಯಾಸೇಜುಗಳನ್ನು ತಾನೇ ಓದಿ ಕಷ್ಟದ ಪದಗಳ ಪಟ್ಟಿ ಮಾಡಿದಳು. ನನಗೆ ಮೇಜು ಸಿಕ್ಕಿತು. ಎರಡು ದಿನ ಮೊಣಕೈ ಅಗಲಿಸಿ ಕೂತು ಬರೆದೆ. ಅಕ್ಷರ ಒಂದೂ ತೂತಾಗಲಿಲ್ಲ. ಮುಂದಿನ ಸೋಮವಾರ ಮೂರೂವರೆಗೇ ಅಮ್ಮ ನನ್ನ ಪುಸ್ತಕ ಎತ್ತಿಟ್ಟು ಮೇಜು ಒರೆಸಿದಳು, ಪೆನ್ಸಿಲು ಚೂಪು ಮಾಡಿದಳು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಕೆಳಗಿನ ಮಹಡಿಯಲ್ಲಿ ಬಾಗಿಲು ತೆಗೆದ ಸದ್ದಾದರೆ ಎದ್ದು ನಿಲ್ಲುತ್ತಿದ್ದಳು. ಮಂಗಳವಾರವೂ ಇದೇ. ಬುಧವಾರ ಕೇಳಿದಳು.

"ಪುಟ್ಟಿ, ಶಿಬಾರಕು ಅಂದ್ರೆ ಎಷ್ಟ್ ದಿನ?"

"ಸ್ವಲ್ಪ ದಿನ," ಎಂದೆ. ಎಷ್ಟೋ ತಿಂಗಳ ನಂತರ ಅವಳಿಗೆ ಕನ್ನಡದಲ್ಲಿ ಕೊಟ್ಟ ಉತ್ತರ ಅದು.

ಶುಕ್ರವಾರ ತರಕಾರಿ ತರಲು ಇಬ್ಬರೂ ಹೋದೆವು. ತೋಫು ಅಂಗಡಿಯ ಮುಂದೆ ಅಮ್ಮ ನಿಂತಳು. ಆ ಹಾಳೆಯ ಮೇಲೆ ಬೆರಳಿಟ್ಟು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಮೊದಲೂ ಎಷ್ಟೋ ಸಲ ಆ ದಾರಿಯಲ್ಲಿ ನಡೆದಿದ್ದೆವು, ಒಮ್ಮೆಯೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ. ಶಾಲೆಯಲ್ಲಿ ಎದ್ದು ನಿಂತು ಓದುವಂತೆ ಓದಿಬಿಟ್ಟೆ.

"ಶಿಬಾರಕು ರಜೆ."

"ಯಾವಾಗಿಂದ ಮುಚ್ಚಿದೆ ಈ ಅಂಗಡಿ?"

"ನಾವ್ ಬಂದಾಗಿಂದ."

ಅಮ್ಮ ಆ ಹಾಳೆಯನ್ನು ಇನ್ನೊಮ್ಮೆ ನೋಡಿದಳು, ಆಮೇಲೆ ನನ್ನನ್ನು. ನಿನಗೆ ಗೊತ್ತಿತ್ತಾ ಎಂದು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ, ಅದೂ ಅವಳಿಗೆ ತಿಳಿದಿತ್ತು. ಚೆನ್ ಸಾನ್ ನನ್ನನ್ನು ಕ್ಲೆವರ್ ಎಂದದ್ದು ಯಾಕೆಂಬುದನ್ನೂ ಅವಳು ಅಲ್ಲೇ, ಆ ಅಂಗಡಿಯ ಮುಂದೆಯೇ ಕೂಡಿಸಿಕೊಂಡಳೆಂದು ನನಗೆ ಖಾತ್ರಿ. ಎರಡು ಕಟ್ಟು ಈರುಳ್ಳಿ ಸೊಪ್ಪು, ಒಂದು ಮೂಲಂಗಿ ಕೊಂಡು ಮನೆಗೆ ಬಂದೆವು. ಮೂಲಂಗಿ ಹೆಚ್ಚುವಾಗ ಅವಳು ಮೇಜನ್ನು ಕೇಳಲಿಲ್ಲ, ಅಡುಗೆಮನೆಯಲ್ಲಿ ನಿಂತುಕೊಂಡೇ ಹೆಚ್ಚಿದಳು.

ಯುನ್ ಚೀನಾಕ್ಕೆ ಹೊರಡುವ ಹಿಂದಿನ ದಿನ ಸಂಜೆ ಬಂದಳು. ಶಾಲೆಯ ಯೂನಿಫಾರಮ್ಮಿನಲ್ಲೇ ಇದ್ದಳು. ಅಮ್ಮ ಅವಳಿಗಾಗಿ ನಿಪ್ಪಟ್ಟು ಕರಿದು ಡಬ್ಬಿಗೆ ತುಂಬಿದ್ದಳು. ಅಜ್ಜಿಗೂ ಕೊಡು, ಹಲ್ಲಿಲ್ಲದಿದ್ದರೆ ಹಾಲಿನಲ್ಲಿ ನೆನೆಸಿ ಕೊಡು ಎಂದಳು. ಪಾಠದ ಮಾತು, ಕೀಯ ಮಾತು ಒಂದೂ ಎತ್ತಲಿಲ್ಲ. ಯುನ್ ಚೀಲದಿಂದ ಆ ಬೂದು ಪುಸ್ತಕ ತೆಗೆದು ಎರಡೂ ಕೈಯಲ್ಲಿ ಅಮ್ಮನಿಗೆ ಕೊಟ್ಟಳು. ಹಸಿರು ಟಿಪ್ಪಣಿಗಳ ಮೇಲೆಲ್ಲ ಅವಳು ಪೆನ್ಸಿಲಿನಲ್ಲಿ ಚೀನೀ ಅಕ್ಷರಗಳಲ್ಲಿ ಅರ್ಥ ಬರೆದುಕೊಂಡಿದ್ದಳು, ಒಂದನ್ನೂ ಬಿಟ್ಟಿರಲಿಲ್ಲ. ಶೂ ಹಾಕಿಕೊಂಡಳು. ಹೊಸ್ತಿಲ ಆಚೆ ನಿಂತು, ಬೆನ್ನು ನೆಟ್ಟಗೆ ಮಾಡಿ, ಬಹಳ ಸಲ ಅಭ್ಯಾಸ ಮಾಡಿಕೊಂಡು ಬಂದವಳ ಹಾಗೆ, ಒಂದು ಅಕ್ಷರವೂ ತಪ್ಪದಂತೆ ಹೇಳಿದಳು.

"ಆಂಟಿ, ಐ ಆಮ್ ಗೋಯಿಂಗ್."

ಅಮ್ಮನ ಕೈ ಬಾಗಿಲ ಚೌಕಟ್ಟಿನ ಮೇಲಿತ್ತು.

"ಸೇ, ಐ ವಿಲ್ ಕಮ್."

ಯುನ್ ನನ್ನ ಮುಖ ನೋಡಿದಳು. ಯಾವುದು ಸರಿ ಎಂದು ಕೇಳುವ ನೋಟ ಅದು. ಜಪಾನಿಯಲ್ಲಿ ಎರಡೇ ಮಾತು ಸಾಕಿತ್ತು: ಅಮ್ಮ ಹೇಳಿದ ಹಾಗೆ ಹೇಳು. ಇತ್ತೆಕಿಮಾಸ್ ಎಂದರೂ ಆಗುತ್ತಿತ್ತು, ಅದೇ ಅರ್ಥ, ಅವಳಿಗೂ ಬರುತ್ತಿತ್ತು. ನಾನು ಮೇಜಿನ ಕಾಲಿನಡಿಯ ರಟ್ಟನ್ನು ನೋಡುತ್ತಾ ನಿಂತೆ. ಯುನ್ ಆಳವಾಗಿ ಬಾಗಿ, ಡಬ್ಬಿಯನ್ನು ಎದೆಗವಚಿಕೊಂಡು ಹೋದಳು. ಕೆಳಗಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೂ ಅಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಯುನ್ ಮತ್ತೆ ಆ ಮನೆಗೆ ಬರಲಿಲ್ಲ, ನಾವೂ ಅವಳನ್ನು ಎಲ್ಲಿಯೂ ಕಾಣಲಿಲ್ಲ. ಪರೀಕ್ಷೆ ಏನಾಯಿತೋ ಗೊತ್ತಿಲ್ಲ. ಎರಡು ಸಾವಿರ ಬಂತು, ಲೋಕ ನಿಲ್ಲಲಿಲ್ಲ, ಚೆನ್ ಸಾನ್ ಬೇರೆ ಊರಿಗೆ ವರ್ಗವಾಗಿ ಹೋದರು.

ಆ ರಾತ್ರಿಯ ಊಟಕ್ಕೆ ಅಮ್ಮ ಮೇಜಿನ ಮೇಲೆ ಮೂರು ತಟ್ಟೆ ಇಟ್ಟಳು, ಬಡಿಸಿದಳು, ಅಪ್ಪನ ಜೊತೆ ಅಕ್ಕಿಯ ವಿಷಯ ಮಾತಾಡಿದಳು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಗುಳಕ್ಕೆ ನನ್ನ ಹತ್ತಿರ ಜಪಾನಿಯಲ್ಲಿ ಬೇಕಾದಷ್ಟು ಉತ್ತರಗಳಿದ್ದವು. ಬೆಳಿಗ್ಗೆ ಎಂದಿನಂತೆ ಚೀಲ ಹೊತ್ತು, ಶೂ ಹಾಕಿಕೊಂಡು, ಬಾಗಿಲಿಗೆ ಕೈಯಿಟ್ಟು ಇತ್ತೆಕಿಮಾಸ್ ಎಂದು ಕೂಗಿದೆ. ಒಳಗಿನಿಂದ ಏನೂ ಬರಲಿಲ್ಲ. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಕೂಗಿದೆ. ಒಲೆಯ ಮುಂದೆ ಅಮ್ಮನ ಬೆನ್ನು ಕಾಣುತ್ತಿತ್ತು, ಒಗ್ಗರಣೆ ಚಟಪಟ ಎನ್ನುತ್ತಿತ್ತು. ಹೋಗ್ ಬಾ ಎಂಬ ಆ ಎರಡು ಪದದ ಮಾತು ದಿನವೂ ನನ್ನ ಬೆನ್ನಿಗೆ ಬೀಳುತ್ತಿತ್ತೆಂದು ಅದು ಬಾರದೆ ಹೋದ ದಿನ ತಿಳಿಯಿತು. ಬಾಗಿಲಿನಿಂದ ಕೈ ತೆಗೆದು ಹೇಳಿದೆ.

"ಅಮ್ಮ, ಬರ್ತೀನಿ."

ಅವಳು ತಿರುಗಲಿಲ್ಲ. ಸೌಟು ಮಾತ್ರ ನಿಂತಿತು.

"ನೋಡೋಣ."

ನಾನು ಬಾಗಿಲು ತೆಗೆಯಲಿಲ್ಲ. ಚೀಲ ಬೆನ್ನಿನಲ್ಲಿದ್ದಂತೆಯೇ, ಶೂ ಕಾಲಲ್ಲಿದ್ದಂತೆಯೇ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತುಕೊಂಡೆ. ಒಂದು ರೈಲು ಹೋಯಿತು, ಕಿಟಕಿ ಗುಂಯ್ ಎಂದಿತು, ಇನ್ನೊಂದು ಹೋಯಿತು. ಅವತ್ತು ಶಾಲೆಯ ಮೊದಲ ಗಂಟೆಯೂ ತಪ್ಪಿತು, ಎರಡನೆಯದೂ ತಪ್ಪಿತು.